ಸೋಫಾ ಹಿಂದಿನ ಬಾಗಿಲು

ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಗೋಡೆಗಳು ತೀರ ತೆಳು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಒಂಚೂರು ಅಡ್ಡಾದರೆ ಪಕ್ಕದ ಮನೆಯ ಅಂಕಲ್ ಹಾಕಿಕೊಂಡ 'ಅಮೃತಂ' ಸೀರಿಯಲ್ಲು ಗೋಡೆ ದಾಟಿ ಬರುತ್ತದೆ. ಅವರದು ಯಾವ ಕಂತನ್ನು ಎಷ್ಟನೇ ಸಲ ನೋಡುತ್ತಿದ್ದಾರೋ ಲೆಕ್ಕವಿಲ್ಲ. ಇತ್ತ ನಮ್ಮ ಹಾಲಿನಲ್ಲಿ ಮಗಳು ಯೂಟ್ಯೂಬಿನಲ್ಲಿ 'ಸಿಲ್ಲಿ ಲಲ್ಲಿ' ಹಾಕಿಕೊಂಡು ಕೂತಿರುತ್ತಾಳೆ. ಅವಳು ಹುಟ್ಟಿದ್ದು ಇದೇ ಊರಲ್ಲಿ. ಶಾಲೆಯಲ್ಲಿ ಇಂಗ್ಲಿಷು, ಆಟಕ್ಕೆ ತೆಲುಗು, ವಾಚ್‌ಮನ್ ಜೊತೆ ಹಿಂದಿ. ಕನ್ನಡದಲ್ಲಿ ಅರ್ಧ ದಾವಣಗೆರೆಯ ಅಜ್ಜಿ ಫೋನಿನಲ್ಲಿ ಕೊಟ್ಟಿದ್ದು, ಇನ್ನರ್ಧ ಡಾಕ್ಟರ್ ವಿಠಲ್ ರಾವ್ ಕೊಟ್ಟಿದ್ದು. ಊರಿಗೆ ಹೋದಾಗ ಅವಳು ಆಡುವ ಕೆಲವು ಮಾತು ಕೇಳಿ ನೆಂಟರು ಬಿದ್ದು ಬಿದ್ದು ನಗುತ್ತಾರೆ. ಅವಳಿಗೆ ಅದು ತಮಾಷೆಯ ಕನ್ನಡ ಅಂತ ಗೊತ್ತೇ ಇಲ್ಲ, ಕನ್ನಡ ಅಂದರೆ ಅದೇ ಅಂದುಕೊಂಡಿದ್ದಾಳೆ.

ಹೀಗೆ ಕಣ್ಣು ಮುಚ್ಚಿ ಎರಡನ್ನೂ ಒಟ್ಟಿಗೆ ಕೇಳುತ್ತಾ ಮಲಗಿದ್ದಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಗೋಡೆಯಾಚೆಯಿಂದ ಒಂದು ಮಾತು ಬರುತ್ತದೆ, ಆಮೇಲೆ ಏನೂ ಇಲ್ಲ, ಆಮೇಲೆ ಅಂಕಲ್ ನಗುತ್ತಾರೆ. ಈಚೆ ಕಡೆ ಆ 'ಏನೂ ಇಲ್ಲ' ಎಂಬುದೇ ಇಲ್ಲ. ಮಾತು, ಟೊಂಯ್ಞ್, ಮಾತು, ಢಮಾರ್, ಮಾತು, ಕಾಗೆ ಕೂಗಿದ ಸದ್ದು. ನಮ್ಮ ಸಿಟ್‌ಕಾಮ್‌ಗಳಿಗೆ ಸುಮ್ಮನಿರಲು ಯಾಕೆ ಭಯ?

ಕಾದಂಬರಿಯ ಬಗ್ಗೆ ನಾವು ಪುಟಗಟ್ಟಲೆ ಬರೆಯುತ್ತೇವೆ. ಕಾಸರವಳ್ಳಿಯವರ ಒಂದು ಶಾಟ್ ಬಗ್ಗೆ ರಾತ್ರಿಯೆಲ್ಲ ಜಗಳ ಆಡುತ್ತೇವೆ. ಧಾರಾವಾಹಿ ಅಂದ ಕೂಡಲೇ ಮಾತ್ರ ನಮ್ಮ ವಿಮರ್ಶೆ ನೀತಿಪಾಠಕ್ಕೆ ಇಳಿಯುತ್ತದೆ: ಅತ್ತೆ-ಸೊಸೆ ಜಗಳ, ಕೆಟ್ಟ ಪರಿಣಾಮ, ಇತ್ಯಾದಿ. ಹಾಸ್ಯ ಧಾರಾವಾಹಿಯಾದರೆ ಅದೂ ಇಲ್ಲ, "ಚಿದಾನಂದ್ ಸೂಪರ್", "ಮಂಜುಭಾಷಿಣಿ ಟೈಮಿಂಗ್ ನೋಡಬೇಕು" ಎಂಬಲ್ಲಿಗೆ ಮುಗಿಯಿತು. ಆ ಟೈಮಿಂಗ್ ನಟಿಯೊಬ್ಬಳದೇ ಆಸ್ತಿಯಲ್ಲ. ಅವಳು ಯಾವ ಬಾಗಿಲಿಂದ ಬರುತ್ತಾಳೆ, ಬರುವಾಗ ಕ್ಯಾಮೆರಾ ಯಾರ ಮುಖದ ಮೇಲಿದೆ, ಅವಳ ಮಾತಿಗೆ ಮರುಮಾತು ಹೇಳುವವನು ಆ ಹೊತ್ತಿಗೆ ಸೆಟ್ಟಿನಲ್ಲಿ ಇದ್ದಾನೋ ಅಥವಾ ಊಟಕ್ಕೆ ಹೋಗಿದ್ದಾನೋ, ಇವೆಲ್ಲ ಸೇರಿ ಆಗುವುದು ಟೈಮಿಂಗು. ಇದನ್ನೆಲ್ಲ ತೀರ್ಮಾನಿಸುವ ನಿರ್ದೇಶಕನ ಹೆಸರು ನಮ್ಮಲ್ಲಿ ಯಾರಿಗೂ ನೆನಪಿರುವುದಿಲ್ಲ.

ಈ ಪ್ರಕಾರ ಹುಟ್ಟಿದ ಕಡೆ ಇದನ್ನು ಹೇಗೆ ಮಾಡುತ್ತಾರೆ ಅಂತ ಒಂದಿಷ್ಟು ಹೇಳಿಬಿಡುತ್ತೇನೆ. 1951ರಲ್ಲಿ ಅಮೆರಿಕದಲ್ಲಿ 'ಐ ಲವ್ ಲೂಸಿ' ಶುರುವಾದಾಗ ಅದನ್ನು ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು, ಮೂರು ಫಿಲ್ಮ್ ಕ್ಯಾಮೆರಾಗಳಲ್ಲಿ ಒಟ್ಟಿಗೇ ಚಿತ್ರೀಕರಿಸಿದರು. ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್, ಜರ್ಮನಿಯಲ್ಲಿ 'ಮೆಟ್ರೊಪೊಲಿಸ್'ನಂಥ ಚಿತ್ರಕ್ಕೆ ಕ್ಯಾಮೆರಾ ಹಿಡಿದವನು. ಮೂರು ಕ್ಯಾಮೆರಾ ಮೂರು ಕೋನದಿಂದ ಒಂದೇ ಸಲಕ್ಕೆ ನೋಡುವಾಗ ಪ್ರತಿ ಶಾಟಿಗೂ ಲೈಟು ಬದಲಿಸಲಾಗುವುದಿಲ್ಲ. ಅದಕ್ಕೆ ಅವನು ಬೆಳಕನ್ನೆಲ್ಲ ಮೇಲಿನಿಂದ ಸಮನಾಗಿ ಹರಡಿದ. ಸಿಟ್‌ಕಾಮ್ ಮನೆಗಳಲ್ಲಿ ಯಾವ ಮೂಲೆಯಲ್ಲೂ ಕತ್ತಲೆ ಇಲ್ಲದಿರುವುದಕ್ಕೆ ಮೂಲ ಇದು. ಕೋಣೆಗೆ ನಾಲ್ಕನೇ ಗೋಡೆ ಇರಲಿಲ್ಲ, ಅಲ್ಲಿ ಜನ ಕೂತಿರುತ್ತಿದ್ದರು. ನಡುವೆ ಸೋಫಾ, ಅದರ ಹಿಂದೆ ಬಾಗಿಲು. ಇವತ್ತಿಗೂ ಅಲ್ಲಿನ ಸ್ಟುಡಿಯೋ ಸಿಟ್‌ಕಾಮ್‌ನ ವಾರ ಹೀಗೇ ನಡೆಯುತ್ತದೆ. ಮೊದಲ ದಿನ ಎಲ್ಲರೂ ಮೇಜಿನ ಸುತ್ತ ಕೂತು ಕಂತನ್ನು ಓದುತ್ತಾರೆ, ನಗು ಬರದ ಕಡೆ ಬರಹಗಾರರು ರಾತ್ರಿ ಕೂತು ತಿದ್ದುತ್ತಾರೆ, ಎರಡು ಮೂರು ದಿನ ತಾಲೀಮು, ಆಮೇಲೆ ಕ್ಯಾಮೆರಾಗಳಿಗೆ ಜಾಗ ಗೊತ್ತುಮಾಡುವ ದಿನ, ಕೊನೆಗೆ ಜನರ ಮುಂದೆ ಆಟ. 'ಚಿಯರ್ಸ್', 'ಫ್ರೆಂಡ್ಸ್' ನಿರ್ದೇಶಿಸಿದ ಜೇಮ್ಸ್ ಬರೋಸ್ ಬಗ್ಗೆ ಒಂದು ಮಾತು ಪ್ರಸಿದ್ಧ: ಅವನು ಮಾನಿಟರ್ ನೋಡುವುದಕ್ಕಿಂತ ಹೆಚ್ಚಾಗಿ ಅತ್ತಿತ್ತ ಓಡಾಡುತ್ತಾ ಕೇಳಿಸಿಕೊಳ್ಳುತ್ತಾನಂತೆ. ಲಯ ಸರಿಯಿದ್ದರೆ ಕಿವಿಗೇ ಗೊತ್ತಾಗುತ್ತದೆ. ತೆಳು ಗೋಡೆಯ ಪುಣ್ಯದಿಂದ ನಾನೂ ಅದೇ ವಿದ್ಯೆ ಕಲಿತೆ ಅನ್ನಬಹುದು.

ನಮ್ಮಲ್ಲಿಗೆ ಸಿಟ್‌ಕಾಮ್ ಬಂತು, ಆ ವಾರ ಬರಲಿಲ್ಲ. 1984ರಲ್ಲಿ ದೂರದರ್ಶನದಲ್ಲಿ ಶರದ್ ಜೋಶಿ ಬರೆದ 'ಯೇ ಜೋ ಹೈ ಜಿಂದಗಿ' ಬಂದಾಗ, ಕುಂದನ್ ಶಾ ಥರದ ಸಿನಿಮಾದ ಮಂದಿ ಅದನ್ನು ನಿರ್ದೇಶಿಸಿದರು. ನಮ್ಮ ಚಂದ್ರು ಹೆಸರಿಗೆ 'ಸಿಹಿ ಕಹಿ' ಅಂಟಿಕೊಂಡಿದ್ದು ಅದೇ ದಶಕದ ಧಾರಾವಾಹಿಯಿಂದ. ಆಮೇಲೆ ರಮೇಶ್ ಭಟ್ಟರ 'ಕ್ರೇಜಿ ಕರ್ನಲ್'. ಆಗಿನಿಂದ ಈಗಿನವರೆಗೂ ನಮ್ಮ ಸಾಮಾನ್ಯ ಕ್ರಮ ಒಂದೇ: ಬಾಡಿಗೆ ಮನೆ, ಎದುರಿಗೆ ಪ್ರೇಕ್ಷಕರಿಲ್ಲ, ತುಂಡು ತುಂಡಾಗಿ ಚಿತ್ರೀಕರಣ.

ಆ ತುಂಡುಗಳು ಹೇಗಿರುತ್ತವೆ ಅಂತ ನಾನು ಕಣ್ಣಾರೆ ನೋಡಿದ್ದು ಕೆಲವು ವರ್ಷಗಳ ಹಿಂದೆ, ಇಲ್ಲೇ ಮಣಿಕೊಂಡದ ಕಡೆ. ಪರಿಚಯದ ಹುಡುಗನೊಬ್ಬ ಒಂದು ತೆಲುಗು ಹಾಸ್ಯ ಧಾರಾವಾಹಿಗೆ ಅಸಿಸ್ಟೆಂಟ್ ಆಗಿದ್ದ. "ಬನ್ನಿ ಅಣ್ಣ, ನೋಡಿ, ಬೋರ್ ಹೊಡೆಯುತ್ತೆ ಅಷ್ಟೇ" ಅಂತ ಕರೆದ. ಎರಡಂತಸ್ತಿನ ಮನೆ. ಕೆಳಗಿನ ಹಾಲು ನಾಯಕನ ಮನೆಯಂತೆ. ಮಧ್ಯಾಹ್ನದ ಮೇಲೆ ಪರದೆ, ಕ್ಯಾಲೆಂಡರ್, ದೇವರ ಫೋಟೋ ಬದಲಿಸಿದರೆ ಅದೇ ಹಾಲು ನಾಯಕನ ಬಾಸ್ ಮನೆ. ಒಂದೇ ಕ್ಯಾಮೆರಾ. ಹಾಲಿನಲ್ಲಿ ನಡೆಯುವ ದೃಶ್ಯಗಳನ್ನೆಲ್ಲ, ಅವು ಬೇರೆ ಬೇರೆ ಕಂತಿನವಾದರೂ, ಒಂದೇ ಏಟಿಗೆ ಮುಗಿಸುತ್ತಿದ್ದರು. ನಟನಿಗೆ ಇದು ಯಾವ ಕಂತಿನ ಯಾವ ಹೊತ್ತು ಎಂಬುದನ್ನು ಯಾರಾದರೂ ನೆನಪಿಸಬೇಕು.

ದೃಶ್ಯ ಇಷ್ಟೇ. ಗಂಡ ಹೆಂಡತಿಗೆ ತಿಳಿಯದಂತೆ ಒಂದು ಚೆಕ್ ಬಚ್ಚಿಟ್ಟಿದ್ದಾನೆ, ಹೆಂಡತಿ ಒಳಗೆ ಬಂದು "ಏನದು?" ಅಂತ ಕೇಳುತ್ತಾಳೆ. ಮೊದಲು ಹೆಂಡತಿಯ ಕಡೆಯ ಶಾಟ್‌ಗಳನ್ನೆಲ್ಲ ತೆಗೆದರು. ಆಮೇಲೆ ಲೈಟು ತಿರುಗಿಸಿದರು. ಅದಕ್ಕೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಆ ನಟಿ ಸೀರೆ ಬದಲಿಸಲು ಮೇಲೆ ಹೋಗಿದ್ದರು. ಗಂಡನ ಪಾತ್ರದವರು ಬೆಚ್ಚಿಬೀಳಬೇಕಾದಾಗ ಅವರ ಎದುರಿಗೆ ಇದ್ದವನು ನಮ್ಮ ಹುಡುಗ, ಕೈಯಲ್ಲಿ ಪ್ಯಾಡು ಹಿಡಿದು, ದಿನಸಿ ಪಟ್ಟಿ ಓದುವ ದನಿಯಲ್ಲಿ "ಏನದು" ಅಂದ. ಅವರು ಬೆಚ್ಚಿದರು. ನಂತರದ ಮಾತನ್ನು ಹುಡುಗ ಓದಿ ಹೇಳಿದ. ಅವರು ಅದನ್ನು ಕೇಳಿಸಿಕೊಂಡು, ಭಾವ ಸೇರಿಸಿ, ಮತ್ತೆ ಹೇಳಿದರು. ಇದಕ್ಕೇ ಪ್ರಾಂಪ್ಟಿಂಗ್ ಅನ್ನುವುದು. ಪ್ರತಿ ಎರಡು ಮಾತಿನ ಮಧ್ಯೆ ಹುಡುಗನ ದನಿಗೆ ಜಾಗ ಬಿಡಬೇಕು. ಆ ಜಾಗವೇ ಎಡಿಟಿಂಗ್ ಟೇಬಲ್‌ಗೆ ಹೋಗುತ್ತದೆ. ಎಡಿಟರ್ ಎಷ್ಟು ಕತ್ತರಿಸಿದರೂ ನಟನ ಕಣ್ಣಿನಲ್ಲಿ ಅದು ಉಳಿಯುತ್ತದೆ: ಎದುರಿನ ಪಾತ್ರವನ್ನು ನೋಡುತ್ತಿಲ್ಲ, ಮುಂದಿನ ಸಾಲಿಗೆ ಕಿವಿಗೊಟ್ಟಿದ್ದಾನೆ ಅನ್ನುವುದು. ಆ ಸತ್ತ ಅರ್ಧ ಕ್ಷಣದ ಮೇಲೆ ಹಾಕುವ ತೇಪೆಯೇ ಟೊಂಯ್ಞ್.

ನಿರ್ದೇಶಕರನ್ನು ಬೈಯುವ ಉದ್ದೇಶ ನನಗಿಲ್ಲ. ಬೆಳಗ್ಗೆ ಏಳಕ್ಕೆ ಬಂದಿದ್ದ ಮನುಷ್ಯ ಊಟದ ಹೊತ್ತಿಗೆ ಬೆರಳು ಮಡಚಿ ಸೀನುಗಳನ್ನು ಎಣಿಸುತ್ತಿದ್ದ. ತಾಲೀಮಿಗೆ ದುಡ್ಡು ಕೊಡುವವರು ಯಾರೂ ಇಲ್ಲ.

ಇದೇ ಊರಿನಲ್ಲಿ, ಹೆಚ್ಚುಕಡಿಮೆ ಇದೇ ಇಕ್ಕಟ್ಟಿನಲ್ಲಿ 'ಅಮೃತಂ' ಆಗಿದ್ದು ಹೇಗೆ? 2001ರ ನವೆಂಬರ್‌ನಲ್ಲಿ ಜೆಮಿನಿ ಟೀವಿಯಲ್ಲಿ ಶುರುವಾಗಿ 2007ರವರೆಗೆ ನಡೆದ ಧಾರಾವಾಹಿ ಅದು. ನಿರ್ಮಾಪಕ ಗುಣ್ಣಂ ಗಂಗರಾಜು. ಆರಂಭದಲ್ಲಿ ನಿರ್ದೇಶಿಸಿದ ಚಂದ್ರಶೇಖರ ಏಲೇಟಿ ಆಮೇಲೆ 'ಐತೇ' ಸಿನಿಮಾ ಮಾಡಿದರು, ಎಸ್.ಎಸ್. ಕಂಚಿ ಮೊದಲಾದವರು ಮುಂದುವರಿಸಿದರು. ಅಮೃತಂ ಪಾತ್ರ ಮಾಡಿದವರು ಒಬ್ಬರಲ್ಲ. ಶಿವಾಜಿ ರಾಜಾ, ನರೇಶ್, ಹರ್ಷವರ್ಧನ್ ಹೀಗೆ ಮುಖ ಬದಲಾಯಿತು. ಶೀರ್ಷಿಕೆಯ ಪಾತ್ರದ ಮುಖವೇ ಬದಲಾದರೂ ಧಾರಾವಾಹಿ ಅಲುಗಾಡಲಿಲ್ಲ. ಯಾಕೆಂದರೆ ಅದರ ಕಂಬ ಅಮೃತಂ ಅಲ್ಲ, ಪಕ್ಕದಲ್ಲಿ ನಿಂತ ಆಂಜನೇಯುಲು. ಗುಂಡು ಹನುಮಂತರಾವ್ ಮಾಡಿದ ಪಾತ್ರ.

ನೋಡಿ, ಸ್ನೇಹಿತರಿಬ್ಬರು, ಒಂದು ಪುಟ್ಟ ಹೋಟೆಲು, ಬಾಡಿಗೆ ಕೇಳುವ ಮನೆ ಮಾಲೀಕ ಅಪ್ಪಾಜಿ, ಇಬ್ಬರು ಹೆಂಡತಿಯರು, ಸರ್ವಂ ಎಂಬ ಕೆಲಸದವನು. ಹೊಸದೇನೂ ಇಲ್ಲ. ಆದರೆ ಅಮೃತಂ ಒಂದು ಹುಚ್ಚು ಯೋಜನೆ ಹೇಳುವಾಗ ಕ್ಯಾಮೆರಾ ಅವನ ಮುಖಕ್ಕೆ ನುಗ್ಗಿಹೋಗುವ ಬದಲು ಎಷ್ಟೋ ಸಲ ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟುಕೊಂಡಿರುತ್ತದೆ. ಹೇಳುವವನು ಹೇಳುತ್ತಿದ್ದಾನೆ, ಕೇಳುವವನ ಮುಖ ಇಳಿಯುತ್ತಿದೆ. ಎರಡೂ ಒಂದೇ ಕಾಲದಲ್ಲಿ. ಇಬ್ಬರೂ ಫ್ರೇಮಿನೊಳಗೆ ಇರಬೇಕಾದರೆ ಇಬ್ಬರೂ ಸೆಟ್ಟಿನಲ್ಲಿ ಇರಲೇಬೇಕು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಲೇಬೇಕು. ಲೈಟು ತಿರುಗಿಸುವ ಇಪ್ಪತ್ತು ನಿಮಿಷವೂ ಉಳಿಯಿತು. ಬಡತನದ ಉಪಾಯವೇ ಕಲೆಯ ಉಪಾಯವೂ ಆಗಿದೆ. ಜೊತೆಗೆ ಅದು ವಾರಕ್ಕೊಮ್ಮೆ, ಭಾನುವಾರ ಬರುತ್ತಿದ್ದ ಕಾರ್ಯಕ್ರಮ ಎಂಬುದನ್ನು ಮರೆಯಬಾರದು. ಹನುಮಂತರಾವ್ ನಗಿಸಲು ಏನನ್ನೂ ಮಾಡುತ್ತಿರಲಿಲ್ಲ. ಸ್ನೇಹಿತನ ಮಾತು ಮುಗಿದ ಮೇಲೆ ಒಂದು ಗಳಿಗೆ ಅವನನ್ನೇ ನೋಡುತ್ತಿದ್ದರು. ಗೋಡೆಯಾಚೆಯ ಆ 'ಏನೂ ಇಲ್ಲ' ಅವರದು. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಪಕ್ಕದ ಮನೆ ಅಂಕಲ್ ಸಂಜೆ ವಾಕಿಂಗ್‌ಗೆ ಬರಲಿಲ್ಲ.

ಇನ್ನು ನಮ್ಮದಕ್ಕೆ ಬರೋಣ. ತಮಾಷೆಯೆಂದರೆ 'ಸಿಲ್ಲಿ ಲಲ್ಲಿ'ಯೂ 'ಪಾಪ ಪಾಂಡು'ವೂ ಒಂದರ್ಥದಲ್ಲಿ ಹೈದರಾಬಾದಿನವೇ. 2000ದ ಡಿಸೆಂಬರ್‌ನಲ್ಲಿ ಶುರುವಾದ ಈಟಿವಿ ಕನ್ನಡ ಪ್ರಸಾರವಾಗುತ್ತಿದ್ದುದು ರಾಮೋಜಿ ಫಿಲ್ಮ್ ಸಿಟಿಯಿಂದ. ಬಸವನಗುಡಿಯಲ್ಲಿ ಕೂತು ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ, ಬೆಂಗಳೂರಿನ ಆ ನಗು ಹಯಾತ್‌ನಗರದಾಚೆಯ ಗುಡ್ಡದಿಂದ ಆಕಾಶಕ್ಕೇರಿ ತಮ್ಮ ಮನೆಗೆ ಇಳಿಯುತ್ತಿದೆ ಅಂತ. ನ್ಯೂಸ್ ಓದುವವರು, ಡೆಸ್ಕಿನ ಹುಡುಗರು, ಎಡಿಟರ್‌ಗಳು ಅಂತ ಒಂದು ತಲೆಮಾರಿನ ಕನ್ನಡಿಗರು ಈ ಊರಿಗೆ ಬಂದಿದ್ದೇ ಆ ಚಾನೆಲ್ಲಿನ ದೆಸೆಯಿಂದ. 2015ರಲ್ಲಿ ಅದು ಕಲರ್ಸ್ ಕನ್ನಡ ಆಯಿತು. ಈಗ ಅಲ್ಲಿಗೆ ಟಿಕೆಟ್ ತೆಗೆದುಕೊಂಡು ಹೋದರೆ ಬಸ್ಸಿನಲ್ಲಿ ಸುತ್ತಿಸಿ ರೈಲು ಬಾರದ ರೈಲ್ವೆ ಸ್ಟೇಷನ್ನು, ವಿಮಾನ ಹಾರದ ಏರ್‌ಪೋರ್ಟು ತೋರಿಸುತ್ತಾರೆ. ಮಗಳು ಅಲ್ಲಿ ಹುಡುಕಿದ್ದು ವಿಠಲ್ ರಾವ್ ಕ್ಲಿನಿಕ್ಕನ್ನು. ಅದು ಇಲ್ಲಿಲ್ಲ ಕಣೇ ಅಂದರೆ ನಂಬಲಿಲ್ಲ.

'ಸಿಲ್ಲಿ ಲಲ್ಲಿ'ಯ ನಿರ್ದೇಶಕ ವಿಜಯಪ್ರಸಾದ್. ಮುಂದೆ 'ಸಿದ್ಲಿಂಗು', 'ನೀರ್ ದೋಸೆ' ಮಾಡಿದವರು. ಅಮೃತಂ ಕಣ್ಣಿನಿಂದ ಇದನ್ನು ನೋಡಿದರೆ ತಪ್ಪುಗಳೇ ಕಾಣುತ್ತವೆ. ಪಾತ್ರಗಳು ಗ್ರೂಪ್ ಫೋಟೋಗೆ ನಿಂತಂತೆ ಸಾಲಾಗಿ ಕ್ಯಾಮೆರಾ ಕಡೆ ಮುಖ ಮಾಡಿ ನಿಲ್ಲುತ್ತವೆ. ಪ್ರತಿ ಸಲ ಬಂದಾಗಲೂ ತಮ್ಮನ್ನು ತಾವೇ ಬಿರುದು ಬಾವಲಿ ಸಮೇತ ಪರಿಚಯಿಸಿಕೊಳ್ಳುತ್ತವೆ. ರವಿಶಂಕರ್ ಗೌಡ ಅವರ ವಿಠಲ್ ರಾವ್ ತನ್ನ ವೈದ್ಯಕೀಯ ಖ್ಯಾತಿಯನ್ನು ಪ್ರಾಸಬದ್ಧವಾಗಿ ಸಾರುತ್ತಾನೆ. ಮಂಜುಭಾಷಿಣಿಯವರ ಲಲಿತಾಂಬ ತನ್ನ ಹೆಸರು, ಅಡ್ಡಹೆಸರು, ಸಮಾಜಸೇವೆಯ ಪದವಿ ಎಲ್ಲ ಒಂದೇ ಉಸಿರಿಗೆ ಹೇಳುತ್ತಾಳೆ. ದಿನವೂ ನೋಡುವ ಅಕ್ಕಪಕ್ಕದವರ ಮುಂದೆಯೇ! ನಿಜ ಜೀವನದಲ್ಲಿ ಹೀಗೆ ಮಾಡಿದರೆ ಜನ ಆಸ್ಪತ್ರೆಗೆ ಸೇರಿಸುತ್ತಾರೆ.

ಮೊದಲು ನಾನೂ ಇದನ್ನು ಕಚ್ಚಾತನ ಅಂದುಕೊಂಡಿದ್ದೆ. ಮಗಳ ಜೊತೆ ಕೂತು ನೋಡುತ್ತಾ ಅನುಮಾನ ಬಂತು. ಕರಾವಳಿಯವರಿಗೆ ಹೇಳಬೇಕಾಗಿಲ್ಲ: ಯಕ್ಷಗಾನದಲ್ಲಿ ಪಾತ್ರ ರಂಗಕ್ಕೆ ಬರುವುದೇ ಒಡ್ಡೋಲಗದ ಮೂಲಕ. ತಾನು ಯಾರೆಂದು ಭಾಗವತರಿಗೂ ಸಭೆಗೂ ಹೇಳಿಯೇ ಕಥೆಗೆ ಇಳಿಯುವುದು. ಹಿರಣ್ಣಯ್ಯನವರ ಕಂಪನಿ ನಾಟಕದಲ್ಲೂ ನಟ ಮಾತಾಡುತ್ತಿದ್ದುದು ಎದುರು ಪಾತ್ರದ ಜೊತೆ ಅಲ್ಲ, ನಮ್ಮ ಜೊತೆ. ಬಡಾಯಿಯಲ್ಲೇ ಬದುಕುವ ವಿಠಲ್ ರಾವ್‌ಗೆ ಕೈಲಾಸಂ ಅವರ 'ಬಂಡ್ವಾಳ್ವಿಲ್ಲದ ಬಡಾಯಿ'ಯ ವಕೀಲ ಅಹೋಬ್ಲು ಮುತ್ತಜ್ಜನಾಗಬೇಕು. ಇಂಗ್ಲಿಷನ್ನು ಕನ್ನಡದ ಬಾಯಲ್ಲಿ ಜಗಿದು ಉಗುಳುವ ಆ ಭಾಷೆಯೂ ಅಲ್ಲಿಂದಲೇ ಬಂದ ಪಿತ್ರಾರ್ಜಿತ. ಅಂದರೆ ವಿಜಯಪ್ರಸಾದ್ ಸಾಲಾಗಿ ನಿಲ್ಲಿಸಿದ್ದು ಬೇರೆ ದಾರಿ ಗೊತ್ತಿಲ್ಲದೆ ಅಲ್ಲ. ಅಮೆರಿಕದವರು ಪ್ರೇಕ್ಷಕರನ್ನು ಸ್ಟುಡಿಯೋಗೆ ಕರೆತಂದರೆ ಇವರು ಕ್ಯಾಮೆರಾವನ್ನೇ ಸಭೆ ಮಾಡಿಕೊಂಡರು. ಪಾತ್ರ ನೆರೆಯವರನ್ನು ಬಿಟ್ಟು ನಮ್ಮನ್ನು ನೋಡಿ ಮಾತಾಡುವಾಗ ಪ್ರಾಂಪ್ಟಿಂಗ್‌ನ ಕೆಟ್ಟ ಕಣ್ಣು ಕೂಡ ಮುಚ್ಚಿಹೋಗುತ್ತದೆ. ಯಾಕೆಂದರೆ ಅಲ್ಲಿ ಎದುರಿನವನ ಕಣ್ಣಿಗೆ ಕಣ್ಣು ಕೊಡಬೇಕಾದ ಅಗತ್ಯವೇ ಇಲ್ಲ. ರವಿಶಂಕರ್ ಲಯ ಕೆಡುವುದು ಕಡಿಮೆ, ಸ್ವಂತ ತಾಳದ ಮೇಲೆ ನಡೆಯುವ ಮನುಷ್ಯ.

ಹಾಗಾದರೆ ಟೊಂಯ್ಞ್ ಕೂಡ ನಮ್ಮ ಚೆಂಡೆಯೇ ಅಲ್ಲವೇ ಅಂತ ಗೆಳೆಯನೊಬ್ಬ ವಾದಿಸಿದ. ಒಳ್ಳೆಯ ವಾದ, ಆದರೆ ಒಪ್ಪಲಾರೆ. ಚೆಂಡೆಯವನು ವೇಷಧಾರಿಯ ಕಾಲನ್ನೇ ನೋಡುತ್ತಿರುತ್ತಾನೆ. ಹೆಜ್ಜೆ ತಡವಾದರೆ ಪೆಟ್ಟೂ ತಡವಾಗುತ್ತದೆ, ಹೆಜ್ಜೆ ಬೀಳದಿದ್ದರೆ ಅವನೂ ಕೈ ತಡೆಯುತ್ತಾನೆ. ಕಂಪ್ಯೂಟರಿನ ಫೋಲ್ಡರಿನಲ್ಲಿರುವ ಸದ್ದು ಯಾರನ್ನೂ ನೋಡುವುದಿಲ್ಲ. ಅದು ನಟ ನಗಿಸಿದಾಗಲೂ ಬರುತ್ತದೆ, ನಗಿಸದಾಗಲೂ ಬರುತ್ತದೆ. ಕ್ರಮೇಣ ನಟನಿಗೇ ಅದರ ಮೇಲೆ ಭರವಸೆ ಹುಟ್ಟುತ್ತದೆ.

'ಪಾಪ ಪಾಂಡು'ವಿನಲ್ಲಿ ಇದು ಇನ್ನೂ ತೊಡಕಿನ ವಿಷಯ. ಸಿಹಿ ಕಹಿ ಚಂದ್ರು ಕಟ್ಟಿದ ಆ ಮನೆಯಲ್ಲಿ ಶಾಲಿನಿಯವರ ಹೆಂಡತಿ ಚಿದಾನಂದರ ಗಂಡನನ್ನು ಬಡಿಯುತ್ತಾಳೆ. ಹೆಂಡತಿಗೆ ಹೆದರುವ ಗಂಡ ಕನ್ನಡ ರಂಗಕ್ಕೆ ಹಳಬ; ಕೈಲಾಸಂ 'ಅಮ್ಮಾವ್ರ ಗಂಡ' ಅಂತಲೇ ನಾಟಕ ಬರೆದರು. ಗಂಡ ಹೊಡೆದರೆ ಅಪರಾಧ, ಹೆಂಡತಿ ಹೊಡೆದರೆ ಹಾಸ್ಯ ಎಂಬ ಲೆಕ್ಕವನ್ನು ನಾವೆಲ್ಲ ಸಲೀಸಾಗಿ ಒಪ್ಪಿಕೊಂಡು ನಕ್ಕೆವು. ನನ್ನ ಮಗಳು ಒಪ್ಪಲಿಲ್ಲ. "ಅಪ್ಪಾ, ಅವನಿಗೆ ನೋವಾಗಲ್ವಾ?" ಅಂತ ಕೇಳಿದಳು. ಆಗ ಒಂದು ಪ್ರಯೋಗ ಮಾಡಿದೆ, ನೀವೂ ಮಾಡಿ ನೋಡಿ. ದನಿ ಪೂರ್ತಿ ಬಂದ್ ಮಾಡಿ ನೋಡಿದೆ. ಢಮಾರ್ ಹೋಗಿಬಿಟ್ಟಾಗ ಉಳಿಯುವುದು ಚಿದಾನಂದ್ ಮುಖ ಒಂದೇ, ಏಟು ಬೀಳುವ ಮುಂಚೆಯೇ ಕುಗ್ಗಿಕೊಳ್ಳುವ ಭುಜ. ಅದು ಬಹಳ ಒಳ್ಳೆಯ ಅಭಿನಯ. ನಗುವೂ ಬರುತ್ತದೆ, ಅದರ ಬೆನ್ನಿಗೆ ಮತ್ತೊಂದೇನೋ ಬರುತ್ತದೆ, ಮಗಳು ಕೇಳಿದ ಪ್ರಶ್ನೆಯಂಥದ್ದು. ಸದ್ದು ಹಾಕಿದವರಿಗೆ ಆ ಎರಡನೆಯದು ಬೇಡವಾಗಿತ್ತು. ಏಟನ್ನು ಕಾರ್ಟೂನ್ ಮಾಡಿ ನಮ್ಮನ್ನು ಪಾರು ಮಾಡುವುದು ಆ ಸದ್ದಿನ ಕೆಲಸ. 'ಮ್ಯಾಶ್' ಮಾಡಿದ ಅಮೆರಿಕನ್ನರು ಚಾನೆಲ್ ಒತ್ತಾಯಕ್ಕೆ ನಗೆಯ ಸದ್ದು ಸೇರಿಸಿದರೂ ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ ಮಾತ್ರ ಅದನ್ನು ಬಿಟ್ಟುಕೊಳ್ಳಲಿಲ್ಲ. ಅಂಥದ್ದೊಂದು ಕೋಣೆ ನಮ್ಮ ಯಾವ ಧಾರಾವಾಹಿಯಲ್ಲೂ ನಾನು ಕಂಡಿಲ್ಲ.

ಬಾಗಿಲಿನ ವಿಷಯ ಹೇಳದೆ ಮುಗಿಸಿದರೆ ಶೀರ್ಷಿಕೆಗೆ ಮೋಸ ಮಾಡಿದಂತೆ. ಹಿಂದಿಯ 'ಸಾರಾಭಾಯಿ ವರ್ಸಸ್ ಸಾರಾಭಾಯಿ' 2004ರಲ್ಲಿ ಬಂತು, ದೇವೆನ್ ಭೋಜಾನಿ ನಿರ್ದೇಶನ. ಅತ್ತೆಯ ಫ್ಲ್ಯಾಟು, ಎದುರಿಗೆ ಸೊಸೆಯ ಫ್ಲ್ಯಾಟು. ಅತ್ತೆ ಆ ಬಾಗಿಲು ದಾಟಿ ಸೊಸೆಯ ಮನೆಗೆ ಕಾಲಿಟ್ಟು ಸುತ್ತ ಒಮ್ಮೆ ಕಣ್ಣಾಡಿಸಿದರೆ ಅರ್ಧ ಜೋಕು ಆಗಿಹೋಯಿತು. ಮಾತು ಆಮೇಲೆ. ನಮ್ಮ ಧಾರಾವಾಹಿಗಳಲ್ಲಿ ಬಾಗಿಲು ಅಂದರೆ ಪಾತ್ರ ಫ್ರೇಮಿಗೆ ಬರುವ ದಾರಿ ಅಷ್ಟೇ. ಬಾಡಿಗೆ ಮನೆಯ ಬಾಗಿಲು ಇದ್ದಲ್ಲೇ ಇರುತ್ತದೆ, ಅದನ್ನು ಜೋಕಿಗೆ ತಕ್ಕಂತೆ ಸರಿಸಲಾಗುವುದಿಲ್ಲ. ಕನ್ನಡದಲ್ಲಿ ಬಾಗಿಲಿಗೆ ಬೆಲೆ ಬಂದಿದ್ದು 2015ರಲ್ಲಿ 'ಮಜಾ ಟಾಕೀಸ್'ನಲ್ಲಿ. ಸೃಜನ್ ಲೋಕೇಶ್ ಅವರ ಆ ಕಾರ್ಯಕ್ರಮದಲ್ಲಿ ಮನೆಯ ಸೆಟ್ ಇತ್ತು, ಎದುರಿಗೆ ಜನ ಇದ್ದರು. ಅಪರ್ಣಾ ಅವರ ವರಲಕ್ಷ್ಮಿ ಒಳಗೆ ಬಂದು ನಿಂತು ಕಾಯುತ್ತಿದ್ದರು. ಸಭೆ ತಣ್ಣಗಾಗುವವರೆಗೆ ಕಾದು ಆಮೇಲೆ ಬಾಯಿ ತೆರೆಯುತ್ತಿದ್ದರು. ನಿರೂಪಕಿಯಾಗಿ ಅಷ್ಟು ಅಚ್ಚುಕಟ್ಟಾದ ಕನ್ನಡ ಆಡಿದ, ನಮ್ಮ ಮೆಟ್ರೋದಲ್ಲಿ ನಿಲ್ದಾಣಗಳ ಹೆಸರು ಹೇಳಿದ ಅದೇ ದನಿಯನ್ನು ಅವರು ಜಂಭದ ಹೆಂಗಸಿನ ಬಾಯಿಗೆ ಹಾಕಿ ಅದರ ಗತ್ತನ್ನೇ ನಗೆಪಾಟಲು ಮಾಡಿದರು. ಕಾಯಲು ಎದುರಿಗೆ ಜನ ಇದ್ದುದರಿಂದ ಅದು ಸಾಧ್ಯವಾಯಿತು. ಆದರೆ ಆ ಕ್ಯಾಮೆರಾಗಳ ಚಟ ನೋಡಿ, ವರಲಕ್ಷ್ಮಿ ಒಂದು ಹುಬ್ಬು ಎತ್ತುವಷ್ಟರಲ್ಲಿ ನಗುವ ಅತಿಥಿಯ ಹಲ್ಲಿಗೆ ಹಾರಿಬಿಡುತ್ತಿದ್ದವು.

ಹೋದ ಭಾನುವಾರ ಪಕ್ಕದ ಮನೆ ಅಂಕಲ್ ಗ್ಯಾಸ್ ಲೈಟರ್ ಕೇಳಲು ಬಂದರು. ಟೀವಿಯಲ್ಲಿ ವಿಠಲ್ ರಾವ್ ಇದ್ದ. ಅಂಕಲ್‌ಗೆ ಕನ್ನಡ ಬಾರದು. ಲೈಟರ್ ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತು ಎರಡು ನಿಮಿಷ ನೋಡಿದರು. ಮೂರು ಸಲ ಟೊಂಯ್ಞ್ ಆಯಿತು, ಅವರು ನಗಲಿಲ್ಲ. ಆಮೇಲೆ ವಿಠಲ್ ರಾವ್ ಏನೋ ಹೇಳಲು ಬಾಯಿ ತೆರೆದು, ಹೇಳದೆ, ಕೋಟು ಸರಿಮಾಡಿಕೊಂಡು ಹೊರಟುಹೋದ. ಎಡಿಟರ್ ಮರೆತಿದ್ದನೋ ಏನೋ, ಅಲ್ಲಿ ಸದ್ದು ಇರಲಿಲ್ಲ. ಅಂಕಲ್ ಜೋರಾಗಿ ನಕ್ಕುಬಿಟ್ಟರು. ಮಗಳ ಕಡೆ ತಿರುಗಿ "ಏಮನ್ನಾಡಮ್ಮಾ?" ಅಂತ ಕೇಳಿದರು. ಅವಳು ಯೋಚಿಸಿ, "ಏಮೀ ಅನಲೇದು ಅಂಕಲ್" ಅಂದಳು.